ಕುಣಿಕೆಯ ಹೊಲಿಗೆ

ಛತ್ರಿ ಬಟ್ಟೆ ಹೊಲಿಯುವುದು ಬ್ಲೌಸ್ ಹೊಲಿದ ಹಾಗಲ್ಲ. ಅದು ಕೈಯಿಂದ ಜಾರುತ್ತದೆ. ಸೂಜಿ ಚುಚ್ಚಿದಲ್ಲೆಲ್ಲ ತೂತು ಹಾಗೇ ಉಳಿಯುತ್ತದೆ, ಬಿಚ್ಚಿ ಮತ್ತೆ ಹೊಲಿದರೆ ಆ ಜಾಗದಲ್ಲೇ ಹರಿಯುತ್ತದೆ. ಮೊದಲ ಸಲವೇ ಸರಿಯಾಗಿ ಹೊಲಿಯಬೇಕು. ಇದನ್ನು ಯಾರೂ ಹೇಳಿಕೊಡಲಿಲ್ಲ. ತಮ್ಮನ ಮೊದಲ ಗಾಳಿಪಟ ಹಾಳು ಮಾಡಿ ಕಲಿತೆ.

ತಮ್ಮ ಸರ್ವೇ ಡಿಪ್ಲೊಮಾ ಮಾಡಿದವನು. ಬಸ್ತಿಗಳಿಗೆ, ಅಂದರೆ ಬಡವರ ಕೇರಿಗಳಿಗೆ, ಕಡಿಮೆ ಖರ್ಚಿನಲ್ಲಿ ನಕ್ಷೆ ಮಾಡಿಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದ. ದೊಡ್ಡ ಗಾಳಿಪಟ ಹಾರಿಸಿ, ಅದರ ಹುರಿಗೆ ಕ್ಯಾಮೆರಾ ಕಟ್ಟಿ, ಮೇಲಿನಿಂದ ಫೋಟೊ ತೆಗೆಯುವುದು ಅವನ ಕೆಲಸ. ಡ್ರೋನ್ ಎತ್ತಿದರೆ ಪರವಾನಗಿ ಎಲ್ಲಿದೆ ಎಂದು ಕೇಳುವವರು ಬರುತ್ತಾರೆ. ಗಾಳಿಪಟ ಎತ್ತಿದರೆ ಹೈದರಾಬಾದಿನಲ್ಲಿ ಜನ ತಲೆ ಎತ್ತಿ ನೋಡಿ ನಗುತ್ತಾರೆ, ಅಷ್ಟೆ.

ಆ ಗಾಳಿಪಟಗಳನ್ನು ಹೊಲಿಯುತ್ತಿದ್ದವಳು ನಾನು. ನಾರಾಯಣಗೂಡದ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ. ಕಿಟಕಿಯ ಪಕ್ಕ ನನ್ನ ಮಷೀನು. ಕೋಚಿಂಗಿಗೆ ಬರುವ ಹುಡುಗಿಯರು ಟಾಪ್ ಬಿಗಿ ಮಾಡಿಸಲು ಬರುತ್ತಾರೆ, ಸುತ್ತಲಿನ ಮನೆಯವರು ಬ್ಲೌಸ್ ಕೊಡುತ್ತಾರೆ. ನಾನು ಶಾಲೆ ಬಿಟ್ಟದ್ದು ಏಳನೆಯ ತರಗತಿಯಲ್ಲಿ. ತಮ್ಮನಿಗಾಗಿ ಬಿಟ್ಟೆ ಎಂದು ಓಣಿಯವರು ಅಂದುಕೊಂಡಿದ್ದಾರೆ. ಅದು ಸುಳ್ಳು. ನನಗೆ ಓದು ಹಿಡಿಸಲಿಲ್ಲ, ಬಿಟ್ಟೆ.

ಆ ವರ್ಷದ ಕೆಲಸ ಊರಿನ ಉತ್ತರದ ಅಂಚಿನ ಒಂದು ಕೆರೆಯದು, ವಿಮಾನಗಳ ದಾರಿಯಿಂದ ಬಹಳ ದೂರ. ಕೆರೆ ದಂಡೆಗೆ ಒಂದು ಬಸ್ತಿ. ಕೆರೆ ತುಂಬಿದಾಗ ನೀರು ಎಲ್ಲಿಯವರೆಗೆ ಬರುತ್ತದೋ ಅಲ್ಲಿ ಸರ್ವೇದವರು ಕಲ್ಲು ನೆಡುತ್ತಾರೆ. ಕಲ್ಲಿನ ಒಳಗೆ, ಕೆರೆಯ ಕಡೆ ಬಿದ್ದ ಮನೆಯನ್ನು ಕೆಡವುತ್ತಾರೆ. ಹಳೆಯ ನಕ್ಷೆಯಲ್ಲಿ ಆ ಗೆರೆ ಬಸ್ತಿಯ ಕೊನೆಯ ಸಾಲಿನ ಅಡುಗೆ ಮನೆಗಳ ಮೇಲೆ ಹಾದಿತ್ತು. ನೀರು ಯಾವ ಮಳೆಗಾಲದಲ್ಲೂ ಅಷ್ಟು ದೂರ ಬಂದಿಲ್ಲ ಎಂದು ಅಲ್ಲಿಯವರು ಹೇಳುತ್ತಿದ್ದರು. ಬಾಯಿಮಾತು ಸಾಲದು. ಕೆರೆ ತುಂಬಿದ್ದಾಗಲೇ ಮೇಲಿನಿಂದ ಫೋಟೊ ಬೇಕು. ಅದರಲ್ಲಿ ನೀರೂ ಕಾಣಬೇಕು, ಒಣಗಿದ ಹಿತ್ತಿಲೂ ಕಾಣಬೇಕು.

ಮಳೆ ಮುಗಿಯುವ ಹೊತ್ತಿಗೆ ಬಸ್ತಿಯ ಎರಡು ಭಾಗದ ಫೋಟೊ ಆಗಿತ್ತು. ಕೊನೆಯ ಸಾಲು ಉಳಿದಿತ್ತು. ಅಷ್ಟರಲ್ಲಿ ಗಾಳಿ ಸಣ್ಣಗಾಯಿತು. ಹಳೆಯ ಪಟ ಏಳಲಿಲ್ಲ. ಇನ್ನೂ ಅಗಲದ್ದು ಬೇಕು ಎಂದ ತಮ್ಮ. ಮುಕ್ಕೋನಾಕಾರದ ಪಟ, ಹೊಟ್ಟೆಯ ಕೆಳಗೆ ಇನ್ನೊಂದು ಸಣ್ಣ ಮುಕ್ಕೋನದ ಬಟ್ಟೆ. ಅದರ ತುದಿಗೆ ಗಟ್ಟಿ ಪಟ್ಟಿಯೊಂದನ್ನು ಮಡಿಸಿ, ಎರಡೂ ತುದಿ ಸೇರಿಸಿ ಹೊಲಿದರೆ ಕುಣಿಕೆ. ಹುರಿ ಕಟ್ಟುವುದು ಆ ಕುಣಿಕೆಗೆ. ಪಟ ಎಷ್ಟು ದೊಡ್ಡದಾದರೂ ಅದರ ಪೂರ್ತಿ ಎಳೆತ ಬಂದು ನಿಲ್ಲುವುದು ಹೆಬ್ಬೆರಳಿನ ಅಗಲದ ಆ ಹೊಲಿಗೆಯ ಮೇಲೆ.

ಪಟವನ್ನೆಲ್ಲ ನೈಲಾನ್ ನೂಲಿನಲ್ಲಿ ಹೊಲಿದೆ. ಕುಣಿಕೆಗೆ ಬಂದಾಗ ರೀಲು ಮುಗಿಯಿತು. ಆ ನೂಲು ಸಿಗುತ್ತಿದ್ದದ್ದು ಅಬಿಡ್ಸ್‌ನ ಒಂದೇ ಅಂಗಡಿಯಲ್ಲಿ. ದಸರೆ ಹತ್ತಿರ ಬಂದಿತ್ತು, ಸಂಜೆಗೆ ಕೊಡಬೇಕಾದ ಬ್ಲೌಸುಗಳು ಮಂಚದ ಮೇಲೆ ರಾಶಿ ಬಿದ್ದಿದ್ದವು. ಮಷೀನಿನ ಮೇಲೆ ಕಪ್ಪು ಹತ್ತಿ ನೂಲಿನ ರೀಲು ಏರಿಸಿಯೇ ಇತ್ತು. ಅದರಲ್ಲೇ ಕುಣಿಕೆ ಹೊಲಿದೆ. ನಾಳೆ ನೈಲಾನ್ ತಂದು ಇದರ ಮೇಲೆ ಇನ್ನೊಮ್ಮೆ ಓಡಿಸಿದರಾಯಿತು ಅಂದುಕೊಂಡೆ. ಎರಡೂ ಕಪ್ಪೇ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಮರುದಿನ ಬೆಳಗ್ಗೆ ಮರದ ಎಲೆ ಅಲ್ಲಾಡುತ್ತಿತ್ತು. ತಮ್ಮ ಆಗಲೇ ಶರ್ಟು ಹಾಕಿ ನಿಂತಿದ್ದ.

"ಪಟ ಆತೇನ್ ಅಕ್ಕಾ?"

"ಆತು."

"ಮತ್ತ ನಡಿ. ಇಂಥ ಗಾಳಿ ಮತ್ತ ಸಿಗಂಗಿಲ್ಲ."

ಆತು ಅಂದೆ. ಬಸ್ಸಿನಲ್ಲಿ ಅವನ ಪಕ್ಕ ಕೂತು ಹೋಗುವಾಗಲೂ ಹೇಳಬಹುದಿತ್ತು. ಇಷ್ಟೇ ಸಣ್ಣ ಗಾಳಿಗೆ ಏನಾಗುತ್ತದೆ ಎಂದು ಸುಮ್ಮನಿದ್ದೆ.

ಕೆರೆಯ ದಂಡೆಯಲ್ಲಿ ನನ್ನ ಕೆಲಸ ನೆಲದ ಗುರುತು ಹಾಸುವುದು. ಕೂಡಿಸುವ ಲೆಕ್ಕದ ಚಿಹ್ನೆಯ ಆಕಾರದ, ಬಿಳಿ ಬಟ್ಟೆಯ ದೊಡ್ಡ ಗುರುತುಗಳು, ಅವನ್ನೂ ನಾನೇ ಹೊಲಿದದ್ದು. ಒಂದರಿಂದ ಒಂದಕ್ಕೆ ಟೇಪು ಹಿಡಿದು ಅಳೆದು, ನಾಲ್ಕು ಮೂಲೆಗೆ ಕಲ್ಲು ಇಡಬೇಕು. ಫೋಟೊದಲ್ಲಿ ಅವು ಚುಕ್ಕೆಯ ಹಾಗೆ ಕಾಣುತ್ತವೆ. ಚುಕ್ಕೆಗಳ ನಡುವಿನ ದೂರ ಗೊತ್ತಿದ್ದರೆ ಉಳಿದದ್ದರ ಅಳತೆಯೂ ಗೊತ್ತಾಗುತ್ತದೆ. ತಮ್ಮ ಪಟ ಎತ್ತಿ, ಅದು ಮೇಲೆ ಸ್ಥಿರವಾದ ಮೇಲೆ ಹುರಿಗೆ ಕ್ಯಾಮೆರಾ ಕಟ್ಟುತ್ತಿದ್ದ. ತಂಪು ಪಾನೀಯದ ದೊಡ್ಡ ಬಾಟಲಿ ಕತ್ತರಿಸಿ ಮಾಡಿದ ತೊಟ್ಟಿಲು, ಅದರೊಳಗೆ ಕೆಳಮುಖವಾಗಿ ಕ್ಯಾಮೆರಾ. ಅದು ತಾನಾಗಿಯೇ ಫೋಟೊ ತೆಗೆಯುತ್ತಾ ಹೋಗುವಂತೆ ಹೊಂದಿಸಿರುತ್ತಿದ್ದ. ಆಮೇಲೆ ಹುರಿ ಬಿಡುತ್ತಾ ದಂಡೆಯುದ್ದಕ್ಕೂ ನಿಧಾನ ನಡೆಯಬೇಕು. ಬೇಗ ನಡೆದರೆ ಒಂದು ಫೋಟೊದ ಅಂಚು ಇನ್ನೊಂದರಲ್ಲಿ ಬರುವುದಿಲ್ಲ, ಕಂಪ್ಯೂಟರಿನಲ್ಲಿ ಜೋಡಿಸಲು ಆಗುವುದಿಲ್ಲ.

ಕೊನೆಯ ಸಾಲಿನ ಕೊನೆಯ ಮನೆಯಾಕೆ ಬೀದರ್ ಕಡೆಯವಳು. ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನಿಂತವಳು. ಪಟ ನೋಡಿ, "ಏನ್ರಿ ಅಕ್ಕಾರ, ಮೋಡಕ್ಕ ಗೌನ್ ಹೊಲದೀರೇನು?" ಎಂದಳು.

"ಅಳತಿ ಕೊಟ್ರ ನಿಮಗೂ ಹೊಲೀತೀನಿ."

"ನನ್ನ ಅಳತಿಗೆ ನಿಮ್ಮ ಅಂಗಡ್ಯಾನ ಬಟ್ಟಿ ಸಾಲಂಗಿಲ್ಲ ಬಿಡ್ರಿ."

ತಮ್ಮನೂ ನಕ್ಕ. ಪಟ ಕೆರೆಯ ಮೇಲೆ ಬಹಳ ಎತ್ತರದಲ್ಲಿತ್ತು. ಅವನು ಕೊನೆಯ ಸಾಲಿನ ಹಿತ್ತಿಲುಗಳನ್ನು ದಾಟಿ ಹಿಂತಿರುಗುತ್ತಿದ್ದ. ಕೆಲಸ ಮುಗಿದ ಹಾಗೆಯೇ. ಆಗ ಬೆನ್ನ ಹಿಂದಿನಿಂದ ಒಂದು ಜೋರು ಗಾಳಿ ಬಂತು. ಹುರಿ ಝುಂಯ್ ಎಂದಿತು, ಮರುಕ್ಷಣ ಸಡಿಲವಾಗಿ ಅವನ ಕಾಲ ಬಳಿ ಬಿತ್ತು. ಕ್ಯಾಮೆರಾ ನೀರಿಗೆ ಬಿದ್ದದ್ದು ಎಲ್ಲರಿಗೂ ಕಾಣಿಸಿತು. ಪಟ ಮಾತ್ರ ಮಗುಚುತ್ತ ಆಚೆಯ ದಂಡೆಯ ಜಾಲಿ ಮರಗಳ ಕಡೆ ಹೋಯಿತು.

ತಮ್ಮ ಹುರಿ ಸುತ್ತತೊಡಗಿದ. ನಾನು ಪಟ ತರಲು ಓಡಿದೆ.

ಪಟ ಕೆಳಗಿನ ಟೊಂಗೆಯಲ್ಲೇ ಸಿಕ್ಕಿಕೊಂಡಿತ್ತು. ಬಟ್ಟೆ ಎಲ್ಲೂ ಹರಿದಿರಲಿಲ್ಲ. ಕುಣಿಕೆಯ ಒಂದು ತುದಿ ಹೊಲಿಗೆ ಕಿತ್ತು ನೇತಾಡುತ್ತಿತ್ತು. ಹತ್ತಿ ನೂಲಿನ ಎಳೆಗಳು ಪುಡಿಪುಡಿಯಾಗಿ ಅಂಟಿಕೊಂಡಿದ್ದವು. ಪಟ್ಟಿ ಬಿಚ್ಚಿಕೊಂಡಾಗ ಹುರಿ ಅದರಿಂದ ಜಾರಿ ಹೋಗಿತ್ತು. ತಮ್ಮ ಹಾಕುತ್ತಿದ್ದದ್ದು ಪಟ್ಟಿಯ ಸುತ್ತ ಬಿಗಿಯುವ ಗಂಟು. ಒಳಗೆ ಹಿಡಿಯಲು ಪಟ್ಟಿಯೇ ಇಲ್ಲದಿದ್ದರೆ ಅದು ಎಳೆದಂತೆ ಬಿಚ್ಚಿ ನೆಟ್ಟಗಾಗಿಬಿಡುತ್ತದೆ. ಅವನ ಕೈಗೆ ಬರುವುದು ಬರೀ ಹುರಿಯ ತುದಿ.

ಹೊಲಿಯುವವರ ಸೆರಗಿನಲ್ಲಿ ದಾರ ಪೋಣಿಸಿದ ಸೂಜಿ ಯಾವಾಗಲೂ ಇರುತ್ತದೆ. ಮರದ ಕೆಳಗೆ ಕೂತೆ. ಹತ್ತಿಯ ಎಳೆಗಳನ್ನು ಉಗುರಿನಿಂದ ಕಿತ್ತು ತೆಗೆದೆ. ಪಟ್ಟಿಯ ತುದಿಯನ್ನು ಮೊದಲಿದ್ದ ಜಾಗಕ್ಕೇ ಇಟ್ಟು, ಮಷೀನಿನ ತೂತುಗಳಲ್ಲೇ ಸೂಜಿ ಹಾಯಿಸಿ ಹೊಲಿದೆ. ದಾರವನ್ನು ಹಲ್ಲಿನಿಂದ ಕಡಿದೆ. ಒಬ್ಬರ ಸೀರೆಯ ಫಾಲ್ ಕಿತ್ತುಬಂದರೆ ಹೊಲಿದು ಕೊಡುತ್ತೇನಲ್ಲ, ಅಷ್ಟೇ ಸಲೀಸಾಗಿ ಹೊಲಿದೆ. ಅದು ನನಗೆ ಈಗಲೂ ಹೆದರಿಕೆ ಹುಟ್ಟಿಸುವ ಸಂಗತಿ.

ತಮ್ಮ ಕುಣಿಕೆಯನ್ನು ನೋಡಿದ. ಹುರಿಯ ತುದಿಯನ್ನು ನೋಡಿದ. "ಕುಣಿಕಿ ಗಟ್ಟಿ ಐತಿ. ನನ್ನ ಗಂಟ ಬಿಚ್ಚಿತು," ಎಂದ. ನಾನು ಗುರುತಿನ ಬಟ್ಟೆಗಳನ್ನು ಮಡಿಸುತ್ತಿದ್ದೆ.

ಬಸ್ತಿಯಲ್ಲಿದ್ದ ಬೀದರ್ ಕಡೆಯ ಗಂಡಸೊಬ್ಬ ಬಿಡಲಿಲ್ಲ. "ಇಂಥಾ ಗಂಟ ಹಾಕಿದ್ರ ಹೆಂಗಪಾ? ನಿನ್ನ ಮದುವ್ಯಾಗ ತಾಳಿ ಕಟ್ಟಾಕ ಬ್ಯಾರೆಯವರನ್ನ ಕರೀಬೇಕಾಕ್ಕೈತಿ ನೋಡು." ಎಲ್ಲರೂ ನಕ್ಕರು. ತಮ್ಮನೂ ನಗಲು ನೋಡಿದ. ಕೊನೆಯ ಮನೆಯಾಕೆ ಮಾತ್ರ ನಗಲಿಲ್ಲ. ಆಕೆ ನೀರಿನ ಕಡೆ ನೋಡುತ್ತಿದ್ದಳು.

ಕ್ಯಾಮೆರಾ ಸತ್ತಿತ್ತು. ಒಳಗಿನ ಕಾರ್ಡನ್ನು ಒರೆಸಿ ಒಣಗಿಸಿ ನೋಡಿದ, ಒಂದು ಫೋಟೊವೂ ಬರಲಿಲ್ಲ. ಈ ವರ್ಷ ಇನ್ನೊಂದು ಕ್ಯಾಮೆರಾ ಕೊಡಲಾಗುವುದಿಲ್ಲ ಎಂದರು ಸಂಸ್ಥೆಯ ಮೇಡಂ. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

ಆಮೇಲೆ ಸಂಜೆಗಳಲ್ಲಿ ಅವನು ಕಿಟಕಿಯ ಸರಳಿಗೆ ಹುರಿ ಕಟ್ಟಿ ಗಂಟು ಹಾಕುತ್ತಿದ್ದ. ಹಾಕುವುದು, ಮೈಭಾರ ಬಿಟ್ಟು ಜಗ್ಗುವುದು, ಬಿಚ್ಚುವುದು, ಮತ್ತೆ ಹಾಕುವುದು. ನನ್ನ ಮಷೀನಿನ ಪಕ್ಕದಲ್ಲೇ. ಗಂಟು ಪ್ರತಿ ಸಲವೂ ನಿಲ್ಲುತ್ತಿತ್ತು.

"ಇಲ್ಲಿ ನಿಲ್ಲತೈತಿ. ಅಲ್ಲಿ ಯಾಕ ನಿಲ್ಲಲಿಲ್ಲ ಅಕ್ಕಾ?"

"ಗಾಳಿ ಜೋರಿತ್ತಲ್ಲೋ."

ಅಷ್ಟು ಹೇಳಿ ಪೆಡಲ್ ತುಳಿಯುತ್ತಿದ್ದೆ. ಮಷೀನಿನ ಸದ್ದಿನಲ್ಲಿ ಮುಂದಿನ ಮಾತು ಕೇಳಬೇಕಾಗುತ್ತಿರಲಿಲ್ಲ.

ಕೆಲವು ದಿನಗಳ ನಂತರ ಹುರಿಯನ್ನು ಸುತ್ತಿ ಅಟ್ಟಕ್ಕೆ ಹಾಕಿದ. ಶಂಶಾಬಾದಿನಲ್ಲಿ ವಿಮಾನದ ಸರಕು ಪ್ಯಾಕ್ ಮಾಡುವ ಕಡೆ ಕೆಲಸ ಹಿಡಿದ. ಓಡಾಟ ದೂರ ಎಂದು ಅಲ್ಲೇ ನಾಲ್ವರ ಜತೆ ಕೋಣೆ ಮಾಡಿದ. ಮೊದಲು ವಾರದ ರಜೆಗೆ ಬರುತ್ತಿದ್ದ. ಆಮೇಲೆ ರಜೆಯ ದಿನ ನಿದ್ದೆ ಬೇಕು ಎಂದ.

ಮನೆಯಲ್ಲಿ ಒಬ್ಬಳೇ ಆದೆ. ಒಬ್ಬಳಿಗೆ ಅನ್ನ ಮಾಡುವುದು ಬರಲಿಲ್ಲ, ದಿನಾ ಉಳಿಯುತ್ತಿತ್ತು. ಹುಡುಗಿಯರು ಬಂದು ಅಳತೆ ಕೊಟ್ಟು ಹೋಗುತ್ತಿದ್ದರು. ಅವರೊಂದಿಗೆ ತೆಲುಗಿನಲ್ಲಿ ಮಾತಾಡುತ್ತಿದ್ದೆ. ಕನ್ನಡ ಮಾತಾಡದೆ ಇಡೀ ದಿನ ಕಳೆಯುತ್ತಿದ್ದದ್ದು ಆಗ ಗಮನಕ್ಕೆ ಬಂತು.

ಒಂದು ದಿನ ಕೊನೆಯ ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು. ಬಸ್ಸು ಬದಲಾಯಿಸಿ ಕೇಳಿಕೊಂಡು ಬಂದಿದ್ದಳು.

"ತಮ್ಮಾರ ಇಲ್ಲೇನ್ರಿ?"

"ಶಂಶಾಬಾದಿಗೆ ಹೋಗ್ಯಾನ. ಕೆಲಸಕ್ಕ."

"ನೀರು ಇಳಿಯಾಕತ್ತೈತ್ರಿ ಅಕ್ಕಾರ. ಸರ್ವೇದವರು ದೀಪಾವಳಿ ಹಬ್ಬ ಮುಗದ ಮ್ಯಾಲ ಕಲ್ಲು ನೆಡಾಕ ಬರತಾರಂತ. ನಮ್ಮ ಸಾಲಿಂದು ಫೋಟೋನ ಇಲ್ಲ. ಉಳದವರದು ಐತಿ, ನಮ್ಮದಿಲ್ಲ. ನಾವೇನ್ ಪಾಪ ಮಾಡೀವ್ರಿ?"

ಚಹಾ ಕೊಟ್ಟೆ. ನೀರು ಪೂರ್ತಿ ಇಳಿಯಿತೇ ಎಂದು ಕೇಳಿದೆ. ಇಲ್ಲ, ಆದರೆ ಅಂತರಗಂಗೆ ದಂಡೆಗೆ ಬಿದ್ದು ಒಣಗುತ್ತಿದೆ ಎಂದಳು. ಕೆರೆಯ ತುಂಬ ತೇಲುವ ಆ ಕಳೆ, ನೀರು ಎಷ್ಟು ಮೇಲೆ ಬಂದಿತ್ತೋ ಅಲ್ಲಿ ಗೆರೆ ಎಳೆದ ಹಾಗೆ ಉಳಿದಿರುತ್ತದೆ. ಯಾರಾದರೂ ಅದನ್ನು ಬಾಚಿ ತೆಗೆಯುವ ಮೊದಲು ಆ ಗೆರೆಯ ಫೋಟೊ ಸಿಕ್ಕರೆ ಸಾಕು.

"ನಾ ಬರತೀನಿ," ಅಂದೆ.

"ನಿಮಗ ಬರತೈತೇನ್ರಿ ಅದು?"

ಬರುತ್ತಿರಲಿಲ್ಲ. ಅಗಲದ ಪಟದ ಕುಣಿಕೆಯನ್ನು ನಂಬುವ ಹಾಗಿರಲಿಲ್ಲ, ಹಳೆಯ ಪಟ ತೆಗೆದುಕೊಂಡು ಹೋದೆ. ದಂಡೆಯ ಮೇಲೆ ಓಡಿದೆ, ಆಕೆ ಓಡಿದಳು, ಪಟ ಎದ್ದು ಮನೆಯ ತಗಡಿನ ಎತ್ತರಕ್ಕೆ ಹೋಗಿ ಕೂತುಬಿಟ್ಟಿತು. ಗಾಳಿಯೇ ಇರಲಿಲ್ಲ. ದಿನವಿಡೀ ಕಾದು ಮರಳಿದೆ. ಮರುದಿನವೂ ಹಾಗೆಯೇ ಆಯಿತು.

ಗಾಳಿ ಇಲ್ಲದ ಕಾಲಕ್ಕೆ ಬಲೂನು ಎಂದು ತಮ್ಮ ಹೇಳುತ್ತಿದ್ದದ್ದು ನೆನಪಿತ್ತು. ಅಂಥದ್ದನ್ನು ಅವನು ಮಾಡಿರಲಿಲ್ಲ. ಹೊಸ ಸೋಫಾಕ್ಕೆ ಸುತ್ತಿ ಬರುವ ತೆಳು ಪ್ಲಾಸ್ಟಿಕ್ಕನ್ನು ಪೀಠೋಪಕರಣದ ಅಂಗಡಿಯಿಂದ ತಂದೆ. ಎರಡು ಹಾಳೆ ಒಂದರ ಮೇಲೊಂದು ಇಟ್ಟು, ಅಂಚಿನ ಮೇಲೆ ಪೇಪರು ಹಾಕಿ, ಇಸ್ತ್ರಿ ಎಳೆದೆ. ಬಿಸಿ ಹೆಚ್ಚಾದರೆ ಕರಗಿ ತೂತು, ಕಡಿಮೆಯಾದರೆ ಅಂಟುವುದೇ ಇಲ್ಲ. ಸಿಂಥೆಟಿಕ್ ಸೀರೆಯ ಬಿಸಿಗೆ ಸರಿಯಾಯಿತು. ದೊಡ್ಡ ದಿಂಬಿನ ಹಾಗೆ ಆಯಿತು. ಟೇಬಲ್ ಫ್ಯಾನಿನಿಂದ ಗಾಳಿ ತುಂಬಿ, ಅಂಚಿನುದ್ದಕ್ಕೂ ಕೆನ್ನೆ ಹಿಡಿದು ಎಲ್ಲಿ ಸೋರುತ್ತದೆ ಎಂದು ನೋಡಿದೆ. ಒಂದು ಮೂಲೆ ಸೋರುತ್ತಿತ್ತು. ಮತ್ತೆ ಇಸ್ತ್ರಿ ಎಳೆದೆ, ಮತ್ತೆ ಕೆನ್ನೆ ಹಿಡಿದೆ. ಈ ಸಲ ನಾಳೆ ಅನ್ನಲಿಲ್ಲ.

ಬಾಟಲಿಯ ತೊಟ್ಟಿಲಿನಲ್ಲಿ ಕ್ಯಾಮೆರಾದ ಬದಲು ನನ್ನ ಫೋನು. ತಾನಾಗಿ ಫೋಟೊ ತೆಗೆಯುತ್ತಾ ಹೋಗುವಂತೆ ಕೋಚಿಂಗಿನ ಹುಡುಗಿಯೊಬ್ಬಳು ಹೊಂದಿಸಿಕೊಟ್ಟಳು. ಹುಟ್ಟುಹಬ್ಬದ ಹಾಲ್‌ಗಳಿಗೆ ಬಲೂನು ಕಟ್ಟುವವನನ್ನು ಬೆಳಗಿನ ಹೊತ್ತಿಗೆ ಸಿಲಿಂಡರ್ ಸಮೇತ ಕೆರೆಗೆ ಕರೆದೆ. ಬೆಂಕಿ ಹತ್ತುವ ಗ್ಯಾಸ್ ಬೇಡ, ಹೀಲಿಯಮ್ಮೇ ಬೇಕು ಎಂದು ಹಟ ಹಿಡಿದೆ. ಅವನು ದಂಡೆ, ಎಮ್ಮೆ, ನಮ್ಮಿಬ್ಬರನ್ನೂ ನೋಡಿ, "ಕಿಸ್ಕಾ ಬರ್ತ್‌ಡೇ ಹೈ, ಆಪಾ?" ಎಂದ, ಯಾರ ಹುಟ್ಟುಹಬ್ಬ ಅಕ್ಕಾ ಎಂದು.

"ತಾಲಾಬ್ ಕಾ," ಅಂದೆ. ಕೆರೆಯದು.

"ಮುಬಾರಕ್," ಎಂದು ಗ್ಯಾಸ್ ತುಂಬಿಸಿ ಹೋದ.

ಬಲೂನಿನ ಕತ್ತಿಗೆ ಗಟ್ಟಿ ಪಟ್ಟಿ ಸುತ್ತಿ, ಅದಕ್ಕೆ ಹುರಿ ಕಟ್ಟಿದೆ. ನನಗೆ ಗೊತ್ತಿದ್ದದ್ದು ಒಂದೇ ಗಂಟು, ಕಿಟಕಿಯ ಸರಳಿನ ಮೇಲೆ ದಿನಾ ನೋಡಿದ್ದು. ಮೈಭಾರ ಬಿಟ್ಟು ಜಗ್ಗಿದೆ. ನಿಂತಿತು.

ಮೊದಲ ಸಲ ಇಳಿಸಿದಾಗ ಫೋಟೊಗಳಲ್ಲಿ ಬರೀ ಆಕಾಶ, ಅರ್ಧ ಮರ, ಓರೆಯಾದ ಗೋಡೆ. ಬಾಟಲಿ ಗಿರಗಿರ ತಿರುಗಿತ್ತು. ಬಾಟಲಿಯನ್ನು ಒಂದೇ ಕಡೆ ಕಟ್ಟುವ ಬದಲು ಹುರಿಯ ಎರಡು ಕಡೆ ಕಟ್ಟಿ, ಬಾಲಕ್ಕೆ ಫಾಲ್ ಬಟ್ಟೆಯ ಉದ್ದದ ತುಂಡು ಇಳಿಬಿಟ್ಟು ಮತ್ತೆ ಎತ್ತಿದೆ. ಕೊನೆಯ ಮನೆಯಾಕೆ ಗುರುತಿನ ಬಟ್ಟೆಗಳ ಮೇಲೆ ಎಮ್ಮೆ ನಡೆಯದಂತೆ ಕಾಯುತ್ತಿದ್ದಳು. ನಾನು ಹುರಿ ಹಿಡಿದು ದಂಡೆಯುದ್ದಕ್ಕೂ ನಡೆದೆ. ಇಷ್ಟು ದಿನ "ನಿಧಾನ ಅಕ್ಕಾ, ಇನ್ನ ಸ್ವಲ್ಪ ಬಿಡು" ಎನ್ನುವ ದನಿ ಇರುತ್ತಿತ್ತು. ಈಗ ಎಷ್ಟು ಬಿಡಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳುವವರಿಲ್ಲ. ತಲೆ ಎತ್ತಿದರೆ ಸದ್ದಿಲ್ಲದ ಆ ಬಿಳಿ ದಿಂಬು, ಕೆಳಗೆ ನಾನು.

ಇಳಿಸಿ ನೋಡಿದೆವು. ಒಣಗಿದ ಅಂತರಗಂಗೆಯ ಕಂದು ಗೆರೆ, ಅದರಾಚೆ ಖಾಲಿ ನೆಲ, ಅದರಾಚೆ ಕೊನೆಯ ಸಾಲಿನ ಹಿತ್ತಿಲುಗಳು. "ಅದು ನನ್ನ ಬಟ್ಟಿ ಒಗಿಯೋ ಕಲ್ಲು!" ಎಂದು ಆಕೆ ಫೋನಿನ ಮೇಲೆ ಬೆರಳಿಟ್ಟಳು.

ಆದರೆ ಬಿಡಿ ಫೋಟೊ ನಕ್ಷೆಯಲ್ಲ. ಅವನ್ನು ಜೋಡಿಸಿ ಅಳತೆಗೆ ಕೂಡಿಸಲು ಬರುವವನು ನನಗೆ ಗೊತ್ತಿದ್ದವರಲ್ಲಿ ಒಬ್ಬನೇ.

ಶಂಶಾಬಾದಿನಲ್ಲಿ ಅವನ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕಾದೆ. ಸಮವಸ್ತ್ರದಲ್ಲಿ ಬಂದ. ತೆಳ್ಳಗಾಗಿದ್ದ. ಫೋಟೊಗಳನ್ನು ಒಂದೊಂದಾಗಿ ಸರಿಸಿ ನೋಡಿದ. ಮುಖದಲ್ಲಿ ಹಳೆಯ ಕಳೆ ಸ್ವಲ್ಪ ಬಂತು.

"ಯಾರು ತೆಗೆದ್ರು?"

"ನಾನ."

"ಈ ತಿಂಗಳದಾಗ ಗಾಳಿ ಎಲ್ಲಿಂದ ತಂದಿ?"

"ಬಲೂನು. ಸೋಫಾದ ಪ್ಲಾಸ್ಟಿಕ್ಕಿಂದು."

"ಭಾಳ ಶಾಣ್ಯಾಕಿ ಆಗೀ ಬಿಡು." ನಕ್ಕ. "ಹುರಿ ಹೆಂಗ ಕಟ್ಟಿದಿ?"

"ನೀ ಕಟ್ಟೂ ಹಂಗ."

ಚಹಾದ ಗ್ಲಾಸು ಕೆಳಗಿಟ್ಟ. "ಅದನ್ಯಾಕ ಕಟ್ಟಿದಿ? ಅದು ಬಿಚ್ಚತೈತಿ."

"ಬಿಚ್ಚಲಿಲ್ಲ."

"ಒಮ್ಮೆ ಬಿಚ್ಚಲಿಲ್ಲ ಅಂದ್ರ..."

"ಅವತ್ತೂ ಬಿಚ್ಚಿರಲಿಲ್ಲೋ."

ಫೋಟೊ ಕೊಟ್ಟು, ನಕ್ಷೆ ಮಾಡಿಸಿಕೊಂಡು, ಸುಮ್ಮನೆ ಬಂದುಬಿಡಬಹುದಿತ್ತು. ಅವನು ತನ್ನ ಗಂಟಿಗೆ ಹೆದರಿದ್ದನ್ನು ಕಂಡ ಮೇಲೆ ಅದು ಆಗಲಿಲ್ಲ. ಹತ್ತಿ ನೂಲಿನಿಂದ ಶುರು ಮಾಡಿ ಎಲ್ಲ ಹೇಳಿದೆ. ಕೊನೆಗೆ ಅವನು ಕೇಳಿದ:

"ಮರದ ಕೆಳಗ ಕೂತು ಹೊಲದಿ?"

"ಹೂಂ."

"ನಾ ಈ ಕಡೆ ಹುರಿ ಸುತ್ತುವಾಗ?"

"ಹೂಂ."

ಗೇಟಿನ ಕಡೆ ನೋಡಿದ. "ಇಲ್ಲಿ ಎಲ್ಲಾರೂ ಸಾಮಾನಿನ ಮ್ಯಾಲ ಬಲೆ ಹಾಕಿ ಬಿಗೀತಾರ. ನಾ ಬಿಗಿಯಂಗಿಲ್ಲ. ಸ್ಟಿಕ್ಕರ್ ಹಚ್ಚತೀನಿ. ನನ್ನ ಗಂಟ ನಿಲ್ಲಂಗಿಲ್ಲ ಸಾರ್ ಅಂತ ನಾನ ಹೇಳಿ ಈ ಕೆಲಸ ತಗೊಂಡೀನಿ." ಎದ್ದು ನಿಂತ. "ನನ್ನ ಕೈಗೆ ಏನೋ ಆಗೇತಿ ಅಂತ ತಿಳಕೊಂಡಿದ್ದೆ ಅಕ್ಕಾ."

ನನ್ನ ಫೋನು ಅವನ ಕೈಯಲ್ಲೇ ಇತ್ತು. ಅದನ್ನು ಹಿಡಿದುಕೊಂಡೇ ಒಳಗೆ ಹೋದ. ನಾನು ಬಸ್ಸು ಹತ್ತಿದೆ.

ಫೋನಿಲ್ಲದ ಮನೆಯಲ್ಲಿ ಅವನ ದನಿಗೆ ಕಾಯುವ ನೆಪವೂ ಉಳಿಯಲಿಲ್ಲ. ಹಬ್ಬ ಕಳೆಯಿತು. ಕೊನೆಯ ಮನೆಯಾಕೆ ಬಂದು, ನಿಮ್ಮ ತಮ್ಮನವರು ನಕ್ಷೆ ಮಾಡಿ ಬಸ್ತಿಗೇ ತಂದುಕೊಟ್ಟರು, ಸರ್ವೇದವರು ಅದನ್ನು ಹಿಡಿದು ಕಳೆಯ ಗೆರೆಯುದ್ದಕ್ಕೂ ನಡೆದರು, ಕಲ್ಲು ಹಿತ್ತಿಲಿನ ಆಚೆಗೇ, ಕೆರೆಯ ಕಡೆಗೆ ನೆಟ್ಟರು ಎಂದಳು. ಕೈಚೀಲದಿಂದ ನನ್ನ ಫೋನು ತೆಗೆದು ಕೊಟ್ಟಳು. "ನಿಮಗ ಕೊಡಾಕ ಹೇಳ್ಯಾರ." ಬೇರೆ ಏನಾದರೂ ಹೇಳಿದನೇ ಎಂದು ಕೇಳಿದೆ. ಏನೂ ಇಲ್ಲ ಎಂದಳು.

ಬೇಸಿಗೆಯಲ್ಲಿ ಸಂಸ್ಥೆಯವರು ಇನ್ನೊಂದು ಕೆಲಸಕ್ಕೆ ಅವನನ್ನು ಕರೆದರು, ಅವನು ಹೋದ. ಕೋಣೆ ಶಂಶಾಬಾದಿನಲ್ಲೇ ಇದೆ, ಮನೆಗೆ ಬರುವುದಿಲ್ಲ. ಪಟ ಮಾತ್ರ ನಾನೇ ಹೊಲಿಯಬೇಕು ಎಂದು ಮೇಡಂ ಮೂಲಕ ಹೇಳಿಕಳಿಸಿದ. ಹೊಲಿದು ಬಯಲಿಗೆ ಒಯ್ದೆ. ಎಲ್ಲರ ಎದುರಿಗೆ ಕುಣಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಊರಿ, ಪೂರ್ತಿ ಬಲ ಹಾಕಿ ಜಗ್ಗಿದ. ಆಮೇಲೆ ಒಂದೊಂದೇ ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ ನೋಡಿದ.

"ಯಾವ ನೂಲು?"

"ನೈಲಾನ್."

ತಲೆಯಾಡಿಸಿ ಹುರಿ ಕಟ್ಟಿದ. ತನ್ನ ಹಳೆಯ ಗಂಟನ್ನೇ ಹಾಕಿದ, ಅದನ್ನು ಮಾತ್ರ ಜಗ್ಗಿ ನೋಡಲಿಲ್ಲ.

ಈಗ ಪ್ರತಿ ಸಲವೂ ಹೀಗೆಯೇ. ಅವನು ಕೇಳುತ್ತಾನೆ, ನಾನು ಹೇಳುತ್ತೇನೆ. ನಾವಿಬ್ಬರೂ ಆಡುವ ಮಾತು ಅಷ್ಟೇ.